ಸಾಕ್ಷಿಗಳ ಮಾತು ಒಂದೇ ಆಗಿರಲಿ



ಸೋಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯಲ್ಲಿ ವಳಸಂಗ ಎಂಬ ಊರಿದೆ. ಮಹಾರಾಷ್ಟ್ರದ ದಕ್ಷಿಣ ಸೋಲಾಪುರ ತಾಲ್ಲೂಕಿಗೆ ಸೇರಿದ ಊರು. ಕಚೇರಿಯ ಕಾಗದಪತ್ರ ಮರಾಠಿಯಲ್ಲಿ. ಮನೆಯ ಮಾತು ಬಹಳ ಮಂದಿಗೆ ಕನ್ನಡ. ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನಕ್ಕೆ ಹೋಗುವವರ ವಾಹನಗಳು ಈ ದಾರಿಯಲ್ಲಿ ಓಡುತ್ತಲೇ ಇರುತ್ತವೆ. ಒಂದು ಸಂಜೆ ಪರಿಚಿತರೊಬ್ಬರ ಮನೆಗೆ ಹೋಗಿ ಮರಳುವಾಗ ವಳಸಂಗದ ಸಮೀಪ ನಮ್ಮ ಜೀಪಿನ ಟೈರ್ ಪಂಕ್ಚರ್ ಆಯಿತು. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಮೊಬೈಲ್ ತೆಗೆದು ‘ಹತ್ತಿರದ ಪಂಕ್ಚರ್ ಅಂಗಡಿ’ ಎಂದು ಹುಡುಕಿದೆವು. ಅದು ತೋರಿಸಿದ್ದೆಲ್ಲ ಸೋಲಾಪುರ ನಗರದ ಅಂಗಡಿಗಳು! ಅರ್ಧ ತಾಸು ರಸ್ತೆ ಬದಿಯಲ್ಲೇ ನಿಂತೆವು. ಕೊನೆಗೆ ಕುರಿ ಹೊಡೆದುಕೊಂಡು ಬಂದ ಅಜ್ಜ ನಮ್ಮನ್ನು ನೋಡಿ, “ಇಲ್ಲೇ ಆ ಬೇವಿನ ಗಿಡದ ಹಿಂದ ಐತಲ್ರೀ ಅಂಗಡಿ” ಎಂದ. ನಿಂತ ಜಾಗದಿಂದ ನೂರು ಹೆಜ್ಜೆ ಕೂಡ ಇರಲಿಲ್ಲ.

ಪಂಕ್ಚರ್ ತಿದ್ದುತ್ತಾ ಅಂಗಡಿಯಾತ ತನ್ನ ಕಷ್ಟ ಹೇಳಿಕೊಂಡ. “ನಮ್ಮ ಹುಡುಗ ಗೂಗಲ್‌ನ್ಯಾಗ ಹಾಕ್ಯಾನ್ರೀ ಫಾದರ್. ಆದ್ರ ಯಾರಿಗೂ ಕಾಣಂಗಿಲ್ಲ. ಕಣ್ಣ ಮುಂದ ಗಾಡಿ ಹೋಗ್ತಾವ, ಅಂಗಡಿಗಿ ಬರೂದಿಲ್ಲ. ಇನ್ನೊಂದು ವರ್ಷ ನೋಡ್ತೀನ್ರೀ, ಆಮ್ಯಾಲ ಬಾಗ್ಲಾ ಹಾಕಿ ಹುಡುಗನ್ನ ಪುಣೆಕ ಕಳಿಸೂದು.”

ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾವು ನೋಡಿದೆವು. ಬೋರ್ಡಿನ ಮೇಲೆ ಮರಾಠಿಯಲ್ಲಿ ಅಜ್ಜನ ಹೆಸರಿನ ಅಂಗಡಿ. ಮಗ ಗೂಗಲ್‌ನಲ್ಲಿ ಹಾಕಿದ್ದು ಇಂಗ್ಲಿಷಿನ ಬೇರೊಂದು ಹೆಸರು. ಪಾಸ್‌ವರ್ಡ್ ಮರೆತು ಆರು ತಿಂಗಳ ನಂತರ ಮತ್ತೊಂದು ಖಾತೆ ತೆರೆದಿದ್ದ. ಹೀಗೆ ಒಂದೇ ಅಂಗಡಿಗೆ ಎರಡು ಗುರುತು. ಊರಿನ ಹೆಸರು ಒಂದು ಕಡೆ ಇಂಗ್ಲಿಷಿನ ‘ವಿ’ಯಿಂದ, ಇನ್ನೊಂದು ಕಡೆ ‘ಡಬ್ಲ್ಯು’ವಿನಿಂದ. ಮತ್ತೊಂದು ವ್ಯಾಪಾರಿ ಪಟ್ಟಿಯಲ್ಲಿ ಎಂದೋ ಬಿಟ್ಟುಬಿಟ್ಟ ಫೋನ್ ನಂಬರ್. ಎಲ್ಲಕ್ಕಿಂತ ದೊಡ್ಡ ತಪ್ಪು ವಿಳಾಸದಲ್ಲಿತ್ತು: ‘ಅಕ್ಕಲಕೋಟೆ ರಸ್ತೆ, ಸೋಲಾಪುರ’. ಅಕ್ಕಲಕೋಟೆ ರಸ್ತೆ ಎಂಬುದು ಸೋಲಾಪುರ ನಗರದ ಬಡಾವಣೆಯ ಹೆಸರೂ ಹೌದು. ಅಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶ ಎಲ್ಲರಿಗೂ ಗೊತ್ತು. ಹೀಗಾಗಿ ನಕ್ಷೆಯಲ್ಲಿ ಅಂಗಡಿಯ ಗುರುತು ನಗರದೊಳಗೆ ಬಿದ್ದಿತ್ತು. ಮನುಷ್ಯ ವಳಸಂಗದಲ್ಲಿ, ಗುರುತು ಸೋಲಾಪುರದಲ್ಲಿ!

ಈ ಹುಡುಕಾಟ ನಡೆಯುವ ರೀತಿಯನ್ನು ಸ್ವಲ್ಪ ತಿಳಿಯೋಣ. ಸ್ಥಳೀಯ ಅಂಗಡಿಗಳನ್ನು ತೋರಿಸುವಾಗ ತಾನು ಮುಖ್ಯವಾಗಿ ಮೂರು ಸಂಗತಿ ನೋಡುವುದಾಗಿ ಗೂಗಲ್ ಹೇಳುತ್ತದೆ: ಕೇಳಿದ್ದಕ್ಕೂ ಅಂಗಡಿಯ ಕೆಲಸಕ್ಕೂ ಇರುವ ಹೊಂದಾಣಿಕೆ, ಕೇಳಿದವರಿಂದ ಇರುವ ದೂರ, ಮತ್ತು ಅಂಗಡಿಗಿರುವ ಹೆಸರುವಾಸಿ. ಹೆಸರುವಾಸಿಯನ್ನು ಅಳೆಯಲು ಗ್ರಾಹಕರ ಅಭಿಪ್ರಾಯಗಳ ಜೊತೆಗೆ ಅಂತರ್ಜಾಲದ ಬೇರೆ ಬೇರೆ ಕಡೆ ಆ ಅಂಗಡಿಯ ಬಗ್ಗೆ ಸಿಗುವ ಮಾಹಿತಿಯನ್ನೂ ಅದು ಗಮನಿಸುತ್ತದೆ. 1996ರಲ್ಲಿ ಆರಂಭವಾದ ಜಸ್ಟ್‌ಡಯಲ್‌ನಂಥ ವ್ಯಾಪಾರಿ ಪಟ್ಟಿಗಳಲ್ಲಿ ಹೆಸರು, ವಿಳಾಸ, ಫೋನ್ ನಂಬರ್ ದಾಖಲಾಗುವುದಕ್ಕೆ ‘ಉಲ್ಲೇಖ’ ಎನ್ನಬಹುದು. ಒಂದೊಂದು ಉಲ್ಲೇಖವೂ ಒಂದೊಂದು ಸಾಕ್ಷಿ. ಅವೆಲ್ಲ ಒಂದೇ ಮಾತು ಹೇಳಿದರೆ ನಂಬಿಕೆ ಹೆಚ್ಚುತ್ತದೆ. ಒಂದಕ್ಕೊಂದು ತಾಳೆಯಾಗದಿದ್ದರೆ ಯಾವುದು ನಿಜವೆಂಬ ಗೊಂದಲ ಹುಟ್ಟುತ್ತದೆ. ಉಲ್ಲೇಖಗಳಿಗೆ ಇಂದು ಮೊದಲಿನಷ್ಟು ತೂಕವಿಲ್ಲ, ಗ್ರಾಹಕರ ಅಭಿಪ್ರಾಯ ಮತ್ತು ವ್ಯಾಪಾರದ ಸರಿಯಾದ ವರ್ಗಕ್ಕೇ ಬೆಲೆ ಹೆಚ್ಚು ಎಂದು ಈ ಕೆಲಸ ಬಲ್ಲವರು ಹೇಳುವುದುಂಟು. ಆದರೆ ತಪ್ಪು ವಿಳಾಸದಿಂದಾಗುವ ನಷ್ಟ ಮಾತ್ರ ಕಡಿಮೆಯಾಗಿಲ್ಲ.

ಸಾಕ್ಷಿಯ ಮಾತು ಪವಿತ್ರ ಗ್ರಂಥಕ್ಕೆ ಹೊಸದಲ್ಲ. ಯಾವ ವಿಷಯವೂ ಒಬ್ಬನ ಮಾತಿನಿಂದ ತೀರ್ಮಾನವಾಗಬಾರದು, ಇಬ್ಬರು ಮೂವರ ಸಾಕ್ಷ್ಯ ಬೇಕು ಎಂಬ ನಿಯಮವನ್ನು ಮೋಶೆಯ ಧರ್ಮಶಾಸ್ತ್ರದಲ್ಲಿ ಕಾಣುತ್ತೇವೆ. ಪ್ರಭು ಯೇಸುವಿನ ವಿಚಾರಣೆಯ ರಾತ್ರಿ ಸುಳ್ಳು ಸಾಕ್ಷಿಗಳು ಅನೇಕರು ಬಂದರೂ ಅವರ ಮಾತುಗಳು ಒಂದಕ್ಕೊಂದು ಹೊಂದಲಿಲ್ಲವೆಂದು ಸಂತ ಮಾರ್ಕ ತನ್ನ ಶುಭಸಂದೇಶದಲ್ಲಿ ತಿಳಿಸುತ್ತಾನೆ. ಸುಳ್ಳು ಹೊಂದದಿರುವುದು ಸಹಜ. ಆದರೆ ಸತ್ಯವಂತನಾದ ಬಡ ಅಂಗಡಿಯವನ ಸಾಕ್ಷಿಗಳೂ ಹೊಂದದೇ ಹೋದರೆ? ಅವನ ದುಡಿಮೆ ನಿಜ, ಕೈಚಳಕ ನಿಜ, ಆದರೂ ಅವನು ಇಲ್ಲದವನಂತೆ ಆಗಿಬಿಡುತ್ತಾನೆ.

ಇದನ್ನು ಬರೆಯುವಾಗ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಿಂದೆ ನಾವು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರದ ಹೆಸರಿನಲ್ಲಿ ನಕ್ಷೆಯಲ್ಲಿ ಇದ್ದದ್ದು ಕಡಿತಗೊಂಡ ಹಳೆಯ ಸ್ಥಿರ ದೂರವಾಣಿಯ ನಂಬರ್. ಯಾರೋ ಹಾಕಿದ್ದು, ಬದಲಿಸೋಣ ಎಂದುಕೊಂಡು ಸುಮ್ಮನಿದ್ದೆವು. ಒಂದು ರಾತ್ರಿ ಹೊರ ಊರಿನಿಂದ ಬಂದ ಕುಟುಂಬವೊಂದು ಆಸ್ಪತ್ರೆಯಲ್ಲಿದ್ದ ತಾಯಿಗೆ ರೋಗಿಗಳ ಅಭ್ಯಂಗನ ಕೊಡಿಸಲು ಆ ನಂಬರಿಗೆ ಮತ್ತೆ ಮತ್ತೆ ಕರೆ ಮಾಡಿತಂತೆ. ಬೆಳಗಿನ ಪೂಜೆಯ ಹೊತ್ತಿಗೆ ಮಗ ದೇವಾಲಯವನ್ನು ಹುಡುಕಿಕೊಂಡು ಬಂದ. ನಾವು ಆಸ್ಪತ್ರೆಗೆ ಓಡಿದೆವು. ಆ ತಾಯಿ ನಸುಕಿನಲ್ಲೇ ಕಣ್ಣು ಮುಚ್ಚಿದ್ದರು. ಮಗ ನಮ್ಮನ್ನು ಬೈಯಲಿಲ್ಲ. “ನೀವು ಬರ್ತಿದ್ರಿ ಸ್ವಾಮಿ, ನಮಗೇ ನಂಬರ್ ಸಿಗಲಿಲ್ಲ” ಎಂದ. ಆ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಒಂದು ಚೀಟಿಯಲ್ಲಿ ಅಂಗಡಿಯ ಹೆಸರು, ಪೂರ್ತಿ ವಿಳಾಸ, ಪಿನ್‌ಕೋಡ್, ಚಾಲ್ತಿಯಲ್ಲಿರುವ ಒಂದು ನಂಬರ್, ತೆರೆಯುವ ಮುಚ್ಚುವ ವೇಳೆ ಇಷ್ಟನ್ನು ಬರೆಯಿರಿ. ಬೋರ್ಡು, ಬಿಲ್ಲು, ಗೂಗಲ್, ಇತರ ಪಟ್ಟಿ, ಎಲ್ಲ ಕಡೆಯೂ ಆ ಚೀಟಿಯಲ್ಲಿದ್ದದ್ದೇ ಇರಲಿ. ಗೂಗಲ್‌ನ ಈ ಉಚಿತ ಸೌಲಭ್ಯಕ್ಕೆ 2014ರಲ್ಲಿ ‘ಗೂಗಲ್ ಮೈ ಬಿಸಿನೆಸ್’ ಎಂಬ ಹೆಸರಿತ್ತು. 2021ರಿಂದ ‘ಗೂಗಲ್ ಬಿಸಿನೆಸ್ ಪ್ರೊಫೈಲ್’ ಎನ್ನುತ್ತಾರೆ. ಹಳೆಯ ಖಾತೆ ಸಿಗದಿದ್ದರೆ ಹೊಸದನ್ನು ತೆರೆಯದೆ ಹಳೆಯದರ ಒಡೆತನವನ್ನೇ ಕೇಳಿ ಪಡೆಯಿರಿ. ನಿಮ್ಮ ಹಳೆಯ ನಂಬರುಗಳನ್ನೂ ಹುಡುಕಿ ನೋಡಿ. ಅವು ಕಂಡಲ್ಲೆಲ್ಲ ತಿದ್ದಿಸಿ. ನಕ್ಷೆಯ ಗುರುತನ್ನು ಅಂಗಡಿಯ ಬಾಗಿಲಿಗೇ ತಂದು ನಿಲ್ಲಿಸಿ. ‘ರಸ್ತೆ’ ಎಂಬುದನ್ನು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಚಿಕ್ಕದಾಗಿ ಬರೆದರೆ ಚಿಂತೆಯಿಲ್ಲ. ಊರೇ ಬದಲಾಗಬಾರದು, ಅಷ್ಟೇ.

ಒಂದು ಎಚ್ಚರಿಕೆಯ ಮಾತು. “ದುಡ್ಡು ಕೊಡಿ, ನಿಮ್ಮ ಅಂಗಡಿಯನ್ನು ಮೊದಲನೆಯದಾಗಿ ತೋರಿಸುತ್ತೇವೆ” ಎಂದು ಯಾರಾದರೂ ಕರೆ ಮಾಡಿದರೆ ನಂಬಬೇಡಿ. ಜಾಹೀರಾತು ಬೇರೆ, ಸ್ಥಳೀಯ ಹುಡುಕಾಟದ ಸಹಜ ಸ್ಥಾನವನ್ನು ಗೂಗಲ್ ಹಣಕ್ಕೆ ಮಾರುವುದಿಲ್ಲ. ಫೋನಿಗೆ ಬಂದ ಓಟಿಪಿಯನ್ನು ಯಾರಿಗೂ ಹೇಳಬೇಡಿ. ಕೊಂಡುಕೊಂಡ ಹೊಗಳಿಕೆಯೂ ಬೇಡ. ಅದೂ ಸುಳ್ಳು ಸಾಕ್ಷಿಯೇ. ಕೆಲಸ ಮೆಚ್ಚಿದ ಗ್ರಾಹಕನನ್ನು “ಎರಡು ಮಾತು ಬರೀರಿ” ಎಂದು ಕೇಳುವುದರಲ್ಲಿ ಮಾತ್ರ ನಾಚಿಕೆಯಿಲ್ಲ.

ನಮ್ಮ ಯುವಕ ಯುವತಿಯರಲ್ಲಿ ಒಂದು ವಿನಂತಿ. ಮೊಬೈಲ್ ನಿಮಗೆ ಕರತಲಾಮಲಕ. ಬರುವ ಭಾನುವಾರ ಪೂಜೆಯ ನಂತರ ನಿಮ್ಮ ಓಣಿಯ ಒಬ್ಬ ದರ್ಜಿ, ಒಬ್ಬ ಚಮ್ಮಾರ, ಹಿಟ್ಟಿನ ಗಿರಣಿಯ ಒಬ್ಬ ಅಣ್ಣನ ಪಕ್ಕದಲ್ಲಿ ಅರ್ಧ ತಾಸು ಕುಳಿತು ಇದನ್ನು ಸರಿಪಡಿಸಿ ಕೊಡಿ. ಅವರು ಯಾವ ಧರ್ಮದವರೆಂದು ಕೇಳುವ ಅಗತ್ಯವಿಲ್ಲ. ದಾನಕ್ಕಿಂತ ಇದು ಮೇಲು. ಅವರ ದುಡಿಮೆಯ ಅನ್ನವನ್ನೇ ಅವರಿಗೆ ತಲುಪಿಸಿದಂತೆ.

ವಳಸಂಗದ ಹುಡುಗ ಅಂದು ನಮ್ಮೆದುರಿಗೇ ಗುರುತನ್ನು ಬೇವಿನ ಗಿಡದ ಹಿಂದಕ್ಕೆ ಸರಿಸಿದ. ಬದಲಾವಣೆ ನಕ್ಷೆಯಲ್ಲಿ ಕಾಣಲು ಕೆಲವು ದಿನ ಹಿಡಿಯಬಹುದೆಂದು ಹೇಳಿ ಬಂದೆವು. ಆತನ ತಂದೆ ಪಂಕ್ಚರಿನ ದುಡ್ಡು ಬೇಡವೆಂದ. ನಾವು ಒತ್ತಾಯದಿಂದ ಕೊಟ್ಟೆವು. ಇನ್ನು ನಮ್ಮ ಧರ್ಮಕೇಂದ್ರದ ನಂಬರ್ ಈಗ ಎಲ್ಲ ಕಡೆಯೂ ಒಂದೇ ಆಗಿದೆ. ರಾತ್ರಿ ಎಷ್ಟು ಹೊತ್ತಿಗೆ ಕರೆ ಬಂದರೂ ಎತ್ತುತ್ತೇವೆ.