ಹಳೇ ಟಾಟಾಕ್ಕ ‘ದೊಡ್ಡ ಕ್ಯಾಮ್’ ಅಂತ ಕೇಳೋರಿಗೆ

1/5
ಮೊನ್ನೆ ಆಟೋ ನಗರದ ಫೋಟೋ ಹಾಕಿದ ಮೇಲೆ ಎಲ್ಲರದೂ ಒಂದೇ ಮೆಸೇಜ್: “ಬ್ರೋ, ನಮ್ಮ ಹಳೇ ಆರು ಸಿಲಿಂಡರ್ ಗಾಡಿಗೆ ದೊಡ್ಡ ಕ್ಯಾಮ್‌ಶಾಫ್ಟ್ ಹಾಕಿದ್ರ ಪಿಕಪ್ ಬರ್ತದಾ?”

ಬರಂಗಿಲ್ಲ. ಇದ್ದ ಪಿಕಪ್ಪೂ ಹೋಗ್ತದ.

ರೀಲ್ಸ್‌ನಾಗ ಅಮೆರಿಕದ ವಿ8 ಕಾರು ನಿಂತಲ್ಲೇ ಧಡಕ್ ಧಡಕ್ ಅಂತ ಕುಣೀತದ, ನೀವು ಅದನ್ನೇ ದಮ್ಮು ಅಂತ ತಿಳ್ಕೊಂಡೀರಿ. ಒಳಗೆ ಬಿಡೋ ವಾಲ್ವ್, ಹೊರಗೆ ಬಿಡೋ ವಾಲ್ವ್ ಎರಡೂ ಜಾಸ್ತಿ ಹೊತ್ತು ಒಟ್ಟಿಗೇ ತೆರೆದಿದ್ರ ಹಂಗ ಕುಣೀತದ. ಕಡಿಮೆ ಸುತ್ತಿನಾಗ ಇಂಜಿನ್‌ಗೆ ಸರಿಯಾಗಿ ಉಸಿರಾಡಲಿಕ್ಕೆ ಆಗವಲ್ದು ಅಂತ ಅದರ ಅರ್ಥ.

2/5
ನಮ್ಮ ಕಡೆ ಹಳೇ ಆರು ಸಿಲಿಂಡರ್ ಅಂದ್ರ ಬಹುಪಾಲು ಟಾಟಾ 697. ಹೆಸರಿನಾಗೇ ಲೆಕ್ಕ ಅದ: 6 ಸಿಲಿಂಡರ್, 97 ಮಿಮೀ ಬೋರ್. ಸ್ಟ್ರೋಕ್ 128 ಮಿಮೀ. ಗುಣಿಸಿ ನೋಡ್ರಿ, 5,675 ಸಿಸಿ ಬರ್ತದ. ಮರ್ಸಿಡಿಸ್‌ನ ಒಎಂ 352 ಇಂಜಿನ್ನಿಂದೂ ಇದೇ ಅಳತೆ. ಟಾಟಾದವರು 1954ರಿಂದ 1969ರವರೆಗೆ ಅವರ ಜೊತೆ ಸೇರಿ ಲಾರಿ ಮಾಡಿದ್ರು, ಸಂಬಂಧ ಅಲ್ಲಿಂದು. ಬೋರ್‌ಗಿಂತ ಸ್ಟ್ರೋಕ್ ಉದ್ದ, ಅಂದ್ರ ಎಳೆಯೋದಕ್ಕೇ ಹುಟ್ಟಿದ ಇಂಜಿನ್. ಕಬ್ಬು ತುಂಬ್ಕೊಂಡು ಎರೆ ಹೊಲದಿಂದ ಫಸ್ಟ್ ಗೇರಿನಾಗ ರೋಡಿಗೆ ಹತ್ತೋದು ಇದರ ಕೆಲಸ. ಹೆದ್ದಾರಿ 65ರ ಮ್ಯಾಲೆ ರೇಸ್ ಹಚ್ಚೋದಲ್ಲ.

3/5 (ಇದೊಂದು ನಿಧಾನ ಓದ್ರಿ)
ಪಿಸ್ಟನ್ ಕೆಳಗೆ ಇಳೀವಾಗ ಗಾಳಿ ಎಳ್ಕೋತದ. ಪೂರ್ತಿ ಕೆಳಗೆ ಮುಟ್ಟಿ ಮತ್ತೆ ಮ್ಯಾಲೆ ಏರಲಿಕ್ಕೆ ಶುರು ಮಾಡಿದ್ರೂ ಇನ್‌ಟೇಕ್ ವಾಲ್ವ್ ಇನ್ನೂ ಸ್ವಲ್ಪ ಹೊತ್ತು ತೆರೆದೇ ಇರ್ತದ. ಸುತ್ತು ಜಾಸ್ತಿ ಇದ್ದಾಗ ಗಾಳಿಗೆ ವೇಗ ಇರ್ತದ, ಆ ರಭಸಕ್ಕೆ ಒಳಗೆ ನುಗ್ತಾನೇ ಇರ್ತದ, ಅದಕ್ಕೇ ರೇಸ್ ಕ್ಯಾಮ್ ವಾಲ್ವನ್ನ ತಡವಾಗಿ ಮುಚ್ಚೋದು. ಸುತ್ತು ಕಡಿಮೆ ಇದ್ದಾಗ ಆ ರಭಸ ಇಲ್ಲ. ಚೀಲದ ಬಾಯಿ ಕಟ್ಟದೇ ಹೆಗಲಿಗೆ ಎತ್ತಿದ್ರ ತೊಗರಿ ಹೆಂಗ ಸುರೀತದ, ಹಂಗ ಎಳ್ಕೊಂಡ ಗಾಳಿ ಬಂದ ದಾರಿಯಿಂದಲೇ ವಾಪಸ್.

ಎಷ್ಟು ವಾಪಸ್? 128 ಮಿಮೀ ಸ್ಟ್ರೋಕಿಗೆ ಅಂದಾಜು ಲೆಕ್ಕ ಹಾಕೀನಿ. ಪಿಸ್ಟನ್ ತಳ ಮುಟ್ಟಿ ಕ್ರ್ಯಾಂಕ್ 40 ಡಿಗ್ರಿ ತಿರುಗಿದಾಗ ವಾಲ್ವ್ ಮುಚ್ಚಿದ್ರ ಪಿಸ್ಟನ್ ಏರಿರೋದು 11 ಮಿಮೀ ಆಸುಪಾಸು. 65 ಡಿಗ್ರಿಗೆ ಮುಚ್ಚಿದ್ರ 30 ಮಿಮೀ ಹತ್ರ, ಅಂದ್ರ ಸ್ಟ್ರೋಕಿನ ಸುಮಾರು ಕಾಲು ಭಾಗ ದಂಡ. ಕಾಗದದ ಮ್ಯಾಲೆ ಕಂಪ್ರೆಷನ್ 17 ಅಂತ ಹಿಡಿದ್ರ ಮೊದಲನೇದ್ರಾಗ 15ರ ಮ್ಯಾಲೆ ಉಳೀತದ, ಎರಡನೇದ್ರಾಗ 13ಕ್ಕೆ ಇಳೀತದ. ಡೀಸೆಲ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ ನೆನಪಿರ್ಲಿ, ಒತ್ತಿದ ಗಾಳಿಯ ಬಿಸಿಗೇ ಅದು ಉರೀಬೇಕು. ಡಿಸೆಂಬರ್ ಮುಂಜಾನೆ ನಮ್ಮೂರ ಥಂಡಿಯೊಳಗ ಸ್ಟಾರ್ಟ್ ಮಾಡಿ ತೋರಿಸ್ರಿ. ಆದ್ರೂ ಲೋಡಿನಾಗ ಕಪ್ಪು ಹೊಗೆ, ಯಾಕಂದ್ರ ಡೀಸೆಲ್ ಅಷ್ಟೇ ಬೀಳ್ತದ, ಗಾಳಿ ಸಾಲಂಗಿಲ್ಲ.

4/5
“ಕೆಳಗೆ ಹೋದ್ರ ಹೋಗ್ಲಿ, ಮ್ಯಾಲೆ ಪವರ್ ಸಿಗ್ತದಲ್ಲ?” ಮ್ಯಾಲೆ ಅಂದ್ರ ಎಲ್ಲಿ? ಈ ಇಂಜಿನ್ನಿನ ಗವರ್ನರ್ 2,800 ಸುತ್ತಿನ ಆಸುಪಾಸು ಡೀಸೆಲ್ ಕಡೀತದ. ದೊಡ್ಡ ಕ್ಯಾಮ್ ಫಲ ಕೊಡೋ ಸುತ್ತಿಗೆ ನಿಮ್ಮ ಗಾಡಿ ಜನ್ಮದಾಗ ಹೋಗಂಗಿಲ್ಲ. ಬಿಕಾಂ ಓದೋರು ನಾವು, ಆದಾಯ ಎಂದೂ ಬರದ ಆಸ್ತಿಗೆ ರೊಕ್ಕ ಸುರಿಯೋದಕ್ಕ ಏನಂತಾರ? ಇಂಜಿನ್ ಬಿಚ್ಚಿದ ದಿನದಿಂದ ಬಾಡಿಗೆ ಬಂದ್. ಇಎಂಐ, ಇನ್ಶೂರೆನ್ಸ್ ಬಂದ್ ಆಗಂಗಿಲ್ಲ. ಆ ಕಂತು ಕಟ್ಟೋದು ರೀಲ್ ಮಾಡಿದವನಲ್ಲ, ನಿಮ್ಮಪ್ಪ.

ಇನ್ನೊಂದು ಗಂಡಾಂತರ: ಡೀಸೆಲ್‌ನಾಗ ಪಿಸ್ಟನ್ ಮ್ಯಾಲೆ ಬಂದಾಗ ವಾಲ್ವಿಗೂ ಅದಕ್ಕೂ ನಡುವೆ ಜಾಗ ಬಹಳ ಕಡಿಮೆ. ಆ ಹೊತ್ತಿನಾಗ ವಾಲ್ವ್ ಇನ್ನೂ ಇಳಿದಿದ್ರ ಎರಡೂ ಬಡೀತಾವ.

ಅಮೆರಿಕದವರನ್ನೇ ನೋಡ್ರಿ ಬೇಕಾದ್ರ. ಫೋರ್ಡ್‌ನವರು 1965ರಿಂದ 1996ರವರೆಗೆ 300 ಅನ್ನೋ ಪೆಟ್ರೋಲ್ ಆರು ಸಿಲಿಂಡರ್ ಮಾಡಿದ್ರು, 4.9 ಲೀಟರ್. ಅದರಾಗ ಭಾರ ಎಳೆಯೋರು ಆರಿಸೋದು ಸಣ್ಣ ಕ್ಯಾಮ್: ವಾಲ್ವ್ ಕಡಿಮೆ ಹೊತ್ತು ತೆರೆದಿರಬೇಕು, ಬೇಗ ಮುಚ್ಚಬೇಕು, ಎರಡೂ ವಾಲ್ವ್ ಒಟ್ಟಿಗೆ ತೆರೆದಿರೋದು ಕಡಿಮೆ ಇರಬೇಕು. ಇದು ಯಾವ ರೀಲ್‌ನಾಗೂ ಬರಂಗಿಲ್ಲ, ಯಾಕಂದ್ರ ಸದ್ದು ಚಂದ ಇರಂಗಿಲ್ಲ.

5/5
ಹಂಗಾದ್ರ 697ಕ್ಕ ಯಾವ ಕ್ಯಾಮ್? ಕಂಪನಿ ಅಳತೆದು. ಅಷ್ಟೇ. ನಿಮ್ಮ ಗಾಡಿ ಎಳೆಯವಲ್ದು ಅಂದ್ರ ಮೊದಲು ಹಳೇದು ಸವೆದದೋ ಇಲ್ಲೋ ನೋಡ್ರಿ. ಟ್ಯಾಪೆಟ್ ಕವರ್ ಬಿಚ್ಚಿಸಿ, ಪುಶ್‌ರಾಡ್ ಮ್ಯಾಲೆ ಡಯಲ್ ಗೇಜ್ ಇಟ್ಟು, ಇಂಜಿನ್ ಕೈಯಿಂದ ತಿರುಗಿಸಿ, 12ಕ್ಕ 12 ಲೋಬ್ ಎಷ್ಟೆಷ್ಟು ಎತ್ತತಾವ ಬರ್ಕೊಳ್ರಿ. ಇನ್‌ಟೇಕ್ ಆರು ಒಂದು ಸಾಲು, ಎಕ್ಸಾಸ್ಟ್ ಆರು ಇನ್ನೊಂದು ಸಾಲು. ಒಂದೆರಡು ಕಡಿಮೆ ಬಂದ್ರ ಕಳ್ಳ ಸಿಕ್ಕ. ಗೇಜ್ ಇಲ್ಲದೇ ಬರೀ ಸದ್ದು ಕೇಳಿ “ಕ್ಯಾಮ್ ಹೋಗ್ಯಾದ” ಅನ್ನೋ ಮಿಸ್ತ್ರಿಗೆ ಕೈ ಮುಗಿದು ಬರ್ರಿ.

“ಅದನ್ನೇ ಗ್ರೈಂಡ್ ಮಾಡಿ ಕೊಡ್ತೀವಿ, ಸಸ್ತಾ” ಅಂದ್ರ ಎರಡು ಸಲ ಯೋಚನೆ ಮಾಡ್ರಿ. ಲೋಬಿನ ಮ್ಯಾಲಿನ ಗಟ್ಟಿ ಪದರ ತೆಳ್ಳಗಿರ್ತದ. ಅದು ತಿಕ್ಕಿ ಹೋದ್ರ ಹೊಸಾ ಆಕಾರನೂ ಜಾಸ್ತಿ ದಿನ ನಿಲ್ಲಂಗಿಲ್ಲ. ಹೊಸಾ ಕ್ಯಾಮ್ ತಂದ್ರ ಟ್ಯಾಪೆಟ್ಟೂ ಹೊಸಾವೇ ಹಾಕಿಸ್ರಿ, ಹಳೇ ಟ್ಯಾಪೆಟ್ ಹೊಸಾ ಲೋಬನ್ನ ತಿಂದು ಹಾಕ್ತದ.

ಮನ್ಯಾಗ 697 ಇದ್ದೋರು ಈ ಭಾನುವಾರ ಅಳೀರಿ, ಹನ್ನೆರಡೂ ಅಂಕಿ ಕಾಮೆಂಟ್‌ನಾಗ ಹಾಕ್ರಿ. ಬಸವಕಲ್ಯಾಣ, ಹುಮನಾಬಾದ್ ಎರಡೂ ಕಡೆದೋರು. ಕುಂತು ಹೋಲಿಸಿ ನೋಡೋಣ.

#ಬಸವಕಲ್ಯಾಣ #ಹುಮನಾಬಾದ್ #ಆಟೋನಗರ #ಟಾಟಾ697