ಮಾತಿಗೆ ಕಾವಲು ಬೇಕು, ಕಾವಲಿಗೆ ಅಂತಃಕರಣ ಬೇಕು

ಮಾತು ಮನುಷ್ಯನಿಗೆ ದೊರೆತ ಬಹುದೊಡ್ಡ ಸಂಪತ್ತು. ಹಸಿದ ಹಸು ತನ್ನ ಹಸಿವಿಗಾಗಿ ಮಾತ್ರ ಕೂಗುತ್ತದೆ. ಮನುಷ್ಯ ತನ್ನ ಹಸಿವನ್ನೂ ಹೇಳಬಲ್ಲ, ನೆರೆಮನೆಯವನ ಹಸಿವನ್ನೂ ಹೇಳಬಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದ ನಮ್ಮ ಹಿರಿಯರೇ, ಮಾತು ಮನೆ ಕೆಡಿಸಿತು ಎಂದೂ ಹೇಳಿ ಹೋಗಿದ್ದಾರೆ. ಎರಡೂ ನಿಜವೇ. ಅದಕ್ಕಾಗಿಯೇ ನಾಲ್ಕು ಜನ ಸೇರಿ ಮಾತನಾಡುವ ಕಡೆಯಲ್ಲೆಲ್ಲ ಮಾತಿಗೆ ಒಬ್ಬ ಕಾವಲುಗಾರನಿರುತ್ತಿದ್ದ. ಚಾವಡಿಯಲ್ಲಿ ಊರ ಯಜಮಾನ, ಮನೆಯಲ್ಲಿ ಅಜ್ಜಿ, ಸಭೆಯಲ್ಲಿ ಅಧ್ಯಕ್ಷ. ಇಂದಿನ ದಿನಮಾನದಲ್ಲಿ ಆ ಜಾಗಕ್ಕೆ ಯಂತ್ರ ಬಂದು ಕುಳಿತಿದೆ. ಇದರಿಂದ ನಮ್ಮ ಮಾತುಕತೆಗೆ ಒದಗಿದ ಲಾಭವೇನು, ಹಾನಿಯೇನು ಎಂಬುದನ್ನು ಈ ವಾರ ವಿಚಾರ ಮಾಡೋಣ.

ಕಳೆದ ಕಾರ್ತೀಕದಲ್ಲಿ ಹನೂರು ತಾಲ್ಲೂಕಿನ ರಾಮಾಪುರಕ್ಕೆ ನಾವು ಹೋಗಿದ್ದಾಗ, ಅರಿಶಿನ ಮತ್ತು ಮುಸುಕಿನ ಜೋಳ ಬೆಳೆಯುವ ರೈತರೊಬ್ಬರು ತಮ್ಮ ಸಂಕಟ ತೋಡಿಕೊಂಡರು. ಮೊಬೈಲಿನಲ್ಲಿ ರೈತರದೇ ಒಂದು ಗುಂಪು. ಬೆಳೆಗೆ ರೋಗ ಬಂದರೆ ಚಿತ್ರ ತೆಗೆದು ಹಾಕುವುದು, ಬಲ್ಲವರು ಮದ್ದು ಹೇಳುವುದು. ಜೋಳದ ಸುಳಿಯಲ್ಲಿ ಹುಳು ಕಂಡ ಹುಡುಗನೊಬ್ಬನಿಗೆ ಇವರು, ಸಂಜೆ ಹೊತ್ತು ಔಷಧಿ ಹೊಡೆದು ಒಂದನ್ನೂ ಬಿಡದೆ ಸಾಯಿಸು ಎಂದು ನಮ್ಮ ಕಡೆಯ ಮಾತಿನಲ್ಲೇ ಬರೆದರು. ಗಳಿಗೆಯೊಳಗೆ ಆ ಮಾತು ಮಾಯವಾಯಿತು. ಇವರು ಏಳು ದಿನ ಆ ಗುಂಪಿನಲ್ಲಿ ಬರೆಯುವಂತಿಲ್ಲವೆಂದು ಇಂಗ್ಲಿಷಿನಲ್ಲಿ ಅಪ್ಪಣೆ ಬಂತು. “ಬುದ್ಧೀ, ನಾನು ಹುಳ ಸಾಯ್ಸು ಅಂದ್ರೆ ಅದು ಮನ್ಸನ್ನ ಸಾಯ್ಸು ಅಂತ ತಿಳ್ಕಬುಡ್ತು. ಕೇಳಾಣ ಅಂದ್ರೆ ಅಲ್ಲಿ ಯಾರೂ ಇಲ್ಲ” ಎಂದು ಅವರು ನಕ್ಕರು. ನಕ್ಕರೂ ಅವರಿಗೆ ಅವಮಾನವಾಗಿತ್ತು. ಏಳು ದಿನ ಕಳೆದ ಮೇಲೂ ಅವರು ಆ ಗುಂಪಿನಲ್ಲಿ ಬಾಯಿ ತೆರೆಯಲಿಲ್ಲ. ಮೂವತ್ತು ವರ್ಷ ಉತ್ತು ಬಿತ್ತಿದ ಅನುಭವ ಹೀಗೆ ಸದ್ದಿಲ್ಲದೆ ಸಭೆಯಿಂದ ಎದ್ದು ಹೋಯಿತು.

ಇದು ರಾಮಾಪುರದ ಕಥೆ ಮಾತ್ರವಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿ ಕೈತೋಟ ಮಾಡುವವರ ಫೇಸ್‌ಬುಕ್ ಗುಂಪೊಂದಿದೆ. ಕಳೆ ತೆಗೆಯುವ ಸಲಿಕೆಗೆ ಇಂಗ್ಲಿಷಿನಲ್ಲಿರುವ ಹೆಸರು ಹೆಣ್ಣನ್ನು ಹಳಿಯುವ ಒಂದು ಬೈಗುಳದಂತೆಯೇ ಕೇಳುತ್ತದೆ. ಸಲಿಕೆಯ ಹೆಸರು ಬರೆದವರನ್ನೆಲ್ಲ ಯಂತ್ರ ತಪ್ಪಿತಸ್ಥರೆಂದು ಗುರುತಿಸಿತೆಂದೂ, ಗಿಡ ತಿನ್ನುವ ಜೀರುಂಡೆಗಳನ್ನು ಸೋಪಿನ ನೀರಿನಲ್ಲಿ ಮುಳುಗಿಸಿ ಕೊಲ್ಲಿರೆಂಬ ಸಲಹೆ ಹಿಂಸೆಯ ಪ್ರಚೋದನೆ ಎನಿಸಿಕೊಂಡಿತೆಂದೂ 2021ರಲ್ಲಿ ಪತ್ರಿಕೆಗಳು ಬರೆದವು. ಅಮೆರಿಕದ ತೋಟಗಾರನಿಗೂ ನಮ್ಮ ರೈತನಿಗೂ ಬಂದ ಕಷ್ಟ ಒಂದೇ.

ಹಾಗಾದರೆ ಯಂತ್ರವೇ ಬೇಡವೇ? ಹಾಗೆ ಹೇಳಿದರೆ ಅವಿವೇಕವಾದೀತು. ದಿನಕ್ಕೆ ಕೋಟಿಗಟ್ಟಲೆ ಹರಿದು ಬರುವ ಮಾತುಗಳನ್ನು ಮನುಷ್ಯರೇ ಕುಳಿತು ಓದಲಾರರು. ಹೆಣ್ಣುಮಗಳೊಬ್ಬಳು ತನ್ನ ಅಭಿಪ್ರಾಯ ಬರೆದರೆ, ಮುಖ ತೋರಿಸದ ನೂರು ಜನ ಅವಳ ಮೇಲೆ ಹೊಲಸು ಎರಚುವುದನ್ನು ನಾವೂ ಕಂಡಿದ್ದೇವೆ. ಆ ಹೊಲಸನ್ನು ಆಕೆ ನೋಡುವ ಮೊದಲೇ ಯಂತ್ರ ತಡೆದರೆ ಅದು ಉಪಕಾರವೇ ಸರಿ.

ಮಾತಿನ ಕಿಡಿ ಊರನ್ನೇ ಸುಡಬಲ್ಲುದು. 2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತೆಂಬುದನ್ನು ಕನ್ನಡಿಗರು ಮರೆಯಲಾಗದು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ವಾಟ್ಸ್‌ಆ್ಯಪ್ ಮೂಲಕ ಹಬ್ಬಿ, ಹೈದರಾಬಾದಿನಿಂದ ಬಂದಿದ್ದ ನಿರಪರಾಧಿ ಯುವಕನೊಬ್ಬ ಜನರ ಗುಂಪಿನ ಏಟಿಗೆ ಪ್ರಾಣ ಬಿಟ್ಟ. ಅದೇ ತಿಂಗಳು ಆ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ರವಾನಿಸುವಂತೆ ಮಿತಿ ಹಾಕಿತು. 2020ರ ಏಪ್ರಿಲ್‌ನಲ್ಲಿ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದೆಂದು ಬಿಗಿ ಮಾಡಿತು. ಅಂತಹ ಸಂದೇಶಗಳ ಓಡಾಟ ಶೇಕಡಾ 70ರಷ್ಟು ಇಳಿಯಿತೆಂದು ಕಂಪನಿಯೇ ಆಗ ಹೇಳಿತು. ಇಲ್ಲಿ ಗಮನಿಸಬೇಕಾದುದು ಒಂದಿದೆ. ಈ ತಡೆಯಲ್ಲಿ ಯಂತ್ರ ಯಾರ ಮಾತನ್ನೂ ಓದಲಿಲ್ಲ, ಯಾರನ್ನೂ ಕೆಟ್ಟವನೆನ್ನಲಿಲ್ಲ. ಬಾಗಿಲನ್ನು ಕಿರಿದು ಮಾಡಿ, ಸ್ವಲ್ಪ ನಿಂತು ಯೋಚಿಸು ಎಂದಿತು, ಅಷ್ಟೆ. ಇಂತಹ ಕೆಲಸಕ್ಕೆ ಯಂತ್ರ ಯೋಗ್ಯ.

ತೊಂದರೆ ಹುಟ್ಟುವುದು ಯಂತ್ರ ಮಾತಿನ ಅರ್ಥ ಹೇಳಲು ಹೊರಟಾಗ. ಅದು ಕೆಲಸ ಮಾಡುವ ರೀತಿ ಎರಡು. ಒಂದು, ಕೆಟ್ಟ ಪದಗಳ ಪಟ್ಟಿ ಇಟ್ಟುಕೊಂಡು ಆ ಪದ ಕಂಡಲ್ಲೆಲ್ಲ ಕತ್ತರಿ ಹಾಕುವುದು. ಇನ್ನೊಂದು, ಇದು ಒಳ್ಳೆಯದು ಇದು ಕೆಟ್ಟದ್ದು ಎಂದು ಮನುಷ್ಯರು ಗುರುತು ಹಾಕಿ ಕೊಟ್ಟ ಸಾವಿರಾರು ವಾಕ್ಯಗಳನ್ನು ಕಲಿತು, ಹೊಸ ವಾಕ್ಯ ಬಂದಾಗ ಅದು ಯಾವುದಕ್ಕೆ ಹತ್ತಿರವೆಂದು ಲೆಕ್ಕ ಹಾಕುವುದು.

ಪಟ್ಟಿಯ ಕಥೆ ನೋಡಿ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ ಸೂಳೆಕೆರೆ ಇದೆ. ಎಷ್ಟೋ ಊರಿಗೆ ನೀರು ಕೊಡುವ ತಾಯಿಯಂತಹ ಕೆರೆ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಸೂಳೆ ಸಂಕವ್ವೆ ಒಬ್ಬಳು. ಲೋಕ ಹೀನವೆಂದ ಹೆಸರನ್ನೇ ಹೊತ್ತು ಶರಣರ ಸಾಲಿನಲ್ಲಿ ನಿಂತ ಮಹಾತಾಯಿ. ಪದದ ಪಟ್ಟಿ ಹಿಡಿದು ಕುಳಿತ ಕಾವಲುಗಾರನಿಗೆ ಕೆರೆಯೂ ಒಂದೇ, ಶರಣೆಯೂ ಒಂದೇ, ಬೈಗುಳವೂ ಒಂದೇ. ಇನ್ನು ‘ಹೊಡೆ’ ಎಂಬ ಒಂದೇ ಮಾತನ್ನು ತೆಗೆದುಕೊಳ್ಳಿ. ನಾವು ಗಾಡಿ ಹೊಡೆಯುತ್ತೇವೆ, ಔಷಧಿ ಹೊಡೆಯುತ್ತೇವೆ, ನಿದ್ದೆ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ. ಇದರಲ್ಲಿ ಯಾರಿಗೂ ಪೆಟ್ಟಾಗುವುದಿಲ್ಲ.

ಕಲಿತ ಯಂತ್ರದ ಪಾಡು ಇದಕ್ಕಿಂತ ತುಸು ಮೇಲು. ಆದರೆ ಅದಕ್ಕೆ ಕನ್ನಡ ಕಲಿಸಿದವರು ಯಾರು, ಕಲಿಸಿದ್ದು ಎಷ್ಟು? 2020ರಲ್ಲಿ ಸಂಶೋಧಕರು ಯೂಟ್ಯೂಬ್ ವಿಡಿಯೊಗಳ ಕೆಳಗೆ ಜನ ಬರೆದ, ಇಂಗ್ಲಿಷ್ ಬೆರೆತ ಕನ್ನಡದ 7 ಸಾವಿರಕ್ಕೂ ಹೆಚ್ಚು ಮಾತುಗಳನ್ನು ಕೂಡಿಸಿ, ಯಾವುದು ನೋಯಿಸುವ ಮಾತು ಯಾವುದು ಅಲ್ಲ ಎಂದು ಗುರುತು ಹಾಕಿ ಪ್ರಕಟಿಸಿದರು. 2021ರ ಡಿಸೆಂಬರ್‌ನಲ್ಲಿ, ಕನ್ನಡದಿಂದಲೇ ಮೊದಲು ಆರಂಭವಾದ ಬೆಂಗಳೂರಿನ ‘ಕೂ’ ಸಂಸ್ಥೆಯು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದೊಡನೆ ಒಪ್ಪಂದ ಮಾಡಿಕೊಂಡಿತು. ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ನೋಯಿಸುವ ಪದಗಳ ಭಂಡಾರ ಮಾಡಬೇಕೆಂಬುದು ಅದರ ಉದ್ದೇಶ. ಭಾಷೆ ಬಲ್ಲ ಪಂಡಿತರನ್ನು ಕೇಳಿ ಕಾವಲು ಕಟ್ಟುವುದು ಸರಿಯಾದ ದಾರಿಯೇ ಆಗಿತ್ತು. ಆದರೆ 2024ರ ಜುಲೈನಲ್ಲಿ ‘ಕೂ’ ಬಾಗಿಲು ಮುಚ್ಚಿತು. ಕನ್ನಡದ ಅಂಗಳ ಮತ್ತೆ ಪರದೇಶದ ಕಂಪನಿಗಳ ಯಂತ್ರಗಳ ಕೈಯಲ್ಲೇ ಉಳಿಯಿತು.

ಆ ಯಂತ್ರಗಳಿಗೆ ಕನ್ನಡ ಎಷ್ಟು ಅರ್ಥವಾಗುತ್ತದೆ ಎಂಬುದಕ್ಕೆ 2025ರ ಜುಲೈ ತಿಂಗಳ ಒಂದು ನಿದರ್ಶನ ಸಾಕು. ಹಿರಿಯ ನಟಿ ಬಿ. ಸರೋಜಾದೇವಿ ಅವರು ನಿಧನರಾದಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಪಾರ್ಥಿವ ಶರೀರದ ದರ್ಶನ ಪಡೆದ ಸಂಗತಿಯನ್ನು ಕನ್ನಡದಲ್ಲಿ ಪ್ರಕಟಿಸಲಾಗಿತ್ತು. ಮೆಟಾ ಕಂಪನಿಯ ಯಂತ್ರ ಅದನ್ನು ತಾನಾಗಿ ಇಂಗ್ಲಿಷಿಗೆ ತಿರುಗಿಸಿ, ಮುಖ್ಯಮಂತ್ರಿಗಳೇ ತೀರಿಕೊಂಡರೆಂಬ ಅರ್ಥ ಬರುವಂತೆ ಮಾಡಿತು. ಸರ್ಕಾರದ ಕಡೆಯಿಂದ ಪತ್ರ ಹೋಯಿತು, ಕಂಪನಿ ಕ್ಷಮೆ ಕೇಳಿತು, ತಪ್ಪು ತಿದ್ದಿತು. ಮುಖ್ಯಮಂತ್ರಿಯ ಮಾತಾದುದರಿಂದ ತಿದ್ದಿದರು. ರಾಮಾಪುರದ ರೈತನ ಮಾತನ್ನು ತಿದ್ದುವವರು ಯಾರು?

ನಮ್ಮ ಕೊಳ್ಳೇಗಾಲದ ಸೀಮೆ 1956ರವರೆಗೂ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಲ್ಲಿಯ ಕನ್ನಡದಲ್ಲಿ ತಮಿಳಿನ ಒಗರಿದೆ, ಕಾಡಿನ ಸೋಲಿಗರ ಸೊಗಡಿದೆ, ಮಾದಪ್ಪನ ಕಂಸಾಳೆಯವರ ಲಯವಿದೆ. ಏಕವಚನದಲ್ಲಿ ಕರೆದರೆ ಇಲ್ಲಿ ಪ್ರೀತಿ. ‘ಏನ್ಲಾ’ ಎಂದರೆ ಗೆಳೆತನ. ಪುಸ್ತಕದ ಕನ್ನಡ ಬಲ್ಲವನು ನಯವಾದ ಮಾತಿನಲ್ಲಿ ಒಂದು ಜಾತಿಯನ್ನೇ ಹೀಗಳೆದರೂ ಯಂತ್ರದ ಕಣ್ಣು ತಪ್ಪಿಸಿಕೊಳ್ಳುತ್ತಾನೆ. ಒರಟು ಮಾತಿನ ಒಳ್ಳೆಯ ಮನುಷ್ಯ ಸಿಕ್ಕಿಬೀಳುತ್ತಾನೆ. ನಯವಾದ ವಿಷ ಒಳಗೆ, ಒರಟಾದ ಅಮೃತ ಹೊರಗೆ. ಇದು ಯಾವ ನ್ಯಾಯ?

ಭಯದಿಂದ ಜನ ಕಲಿತ ಇನ್ನೊಂದು ವಿದ್ಯೆಯನ್ನೂ ನೋಡಿ. ಸಾವು, ಕೊಲೆ, ಆತ್ಮಹತ್ಯೆ ಎಂಬ ಪದಗಳ ನಡುವೆ ಚುಕ್ಕಿ, ನಕ್ಷತ್ರ ಇಟ್ಟು ಒಡೆದು ಬರೆಯುವುದು ಈಗ ಸಾಮಾನ್ಯವಾಗಿದೆ. ಸಾಲದ ಭಾರಕ್ಕೆ ಕುಸಿದ ರೈತನೊಬ್ಬ, ಇನ್ನು ಬದುಕುವುದು ಬೇಡವೆನಿಸಿದೆ ಎಂದು ರಾತ್ರಿ ಗುಂಪಿನಲ್ಲಿ ಬರೆದನೆನ್ನಿ. ಕಾವಲು ಯಂತ್ರ ಅದನ್ನು ಕೆಟ್ಟ ಮಾತೆಂದು ಅಳಿಸಿದರೆ ಗುಂಪು ಸ್ವಚ್ಛವಾಗಿ ಉಳಿಯುತ್ತದೆ, ಆದರೆ ನೆರೆಯವರು ಎದ್ದು ಓಡಿ ಅವನ ಬಾಗಿಲು ತಟ್ಟುವುದಿಲ್ಲ. ಆ ಮಾತು ನಿಯಮ ಮೀರಿದ್ದಲ್ಲ ಸದ್ಭಕ್ತರೇ, ಅದು ಕೂಗು.

ಇನ್ನೊಂದು ನೋವಿನ ಸಂಗತಿಯನ್ನು ಇಲ್ಲಿ ಹೇಳದೆ ಹೋದರೆ ನಾವು ಆತ್ಮವಂಚಕರಾಗುತ್ತೇವೆ. 2018ರ ಡಿಸೆಂಬರ್ 14ರಂದು ಇದೇ ಹನೂರು ಸೀಮೆಯ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಸನ್ನಿಧಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಜನ ತೀರಿಕೊಂಡರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಪ್ರಸಾದ ತಿನ್ನಬೇಡಿ, ಅದರಲ್ಲಿ ವಿಷವಿದೆ ಎಂಬ ಮಾತನ್ನು ಬೇರೆ ದಿನ ಯಾರಾದರೂ ಬರೆದರೆ, ಧರ್ಮಕ್ಕೆ ಅಪಮಾನವೆಂದು ಯಂತ್ರ ತಿಳಿದೀತು. ಆ ದಿನ ಅದೇ ಮಾತು ಪ್ರಾಣ ಉಳಿಸುವ ಮಾತು. ಆ ಪ್ರಕರಣದಲ್ಲಿ ಬಂಧಿತರಾದವರಲ್ಲಿ ಕಾವಿ ಧರಿಸಿದವರೊಬ್ಬರೂ ಇದ್ದರು. ಕಾವಿಯನ್ನು ಪ್ರಶ್ನಿಸುವ ಮಾತೆಲ್ಲ ನಿಂದೆಯೆಂದು ಅಳಿಸಿ ಹೋಗುವುದಾದರೆ ಸತ್ತವರ ಮನೆಯವರು ಎಲ್ಲಿ ಅಳಬೇಕು? ಕಾವಿ ತೊಟ್ಟ ನಾವೇ ಇದನ್ನು ಹೇಳುತ್ತಿದ್ದೇವೆ. ನಮ್ಮನ್ನು ಕೇಳುವ ಮಾತು ನಮಗೆ ಕಹಿಯಾದರೂ ಉಳಿಯಬೇಕು.

ಕಲ್ಯಾಣದ ಅನುಭವ ಮಂಟಪವನ್ನು ಸ್ಮರಿಸೋಣ. ಅಲ್ಲಿ ಶೂನ್ಯ ಸಿಂಹಾಸನದ ಮೇಲೆ ಅಲ್ಲಮಪ್ರಭುಗಳಿದ್ದರು. ಅಕ್ಕಮಹಾದೇವಿ ಬಂದಾಗ ಪ್ರಭುಗಳು ಆಕೆಯನ್ನು ಎಷ್ಟು ಕಠಿಣವಾಗಿ ಪ್ರಶ್ನಿಸಿದರೆಂಬುದನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ಹೇಳುತ್ತದೆ. ಹೊರಗಿನವರು ಕೇಳಿದರೆ ನಿಂದೆಯೆನ್ನಬೇಕು, ಅಂತಹ ಪ್ರಶ್ನೆಗಳು. ಆ ಗದ್ದುಗೆಯ ಮೇಲೆ ಯಂತ್ರವಿದ್ದಿದ್ದರೆ ಪ್ರಶ್ನೆಗಳನ್ನು ಅಳಿಸುತ್ತಿತ್ತು. ಅದರೊಡನೆ ಅಕ್ಕನ ಉತ್ತರವೂ ಹುಟ್ಟದೆ ಹೋಗುತ್ತಿತ್ತು. ಪ್ರಶ್ನೆಯ ಹಿಂದಿದ್ದ ಗೌರವವನ್ನು ಅಕ್ಕ ಬಲ್ಲಳು, ಸಭೆ ಬಲ್ಲದು. ಶಬ್ದ ಒಂದೇ ಇದ್ದರೂ ಭಾವ ಬೇರೆ. ಭಾವ ತಿಳಿಯಲು ಆಡಿದವರ ಮುಖ ತಿಳಿಯಬೇಕು, ಕೇಳಿದವರ ಮನಸ್ಸು ತಿಳಿಯಬೇಕು.

ಚಾವಡಿಯ ಯಜಮಾನನೂ ಬೈಯುತ್ತಿದ್ದ, ದಂಡ ಹಾಕುತ್ತಿದ್ದ, ಕೆಲವೊಮ್ಮೆ ಪಕ್ಷಪಾತವನ್ನೂ ಮಾಡುತ್ತಿದ್ದ. ಆ ವ್ಯವಸ್ಥೆಯಲ್ಲಿ ಹೆಣ್ಣಿಗೂ ದೀನರಿಗೂ ಬಾಯಿಯೇ ಇರಲಿಲ್ಲವೆಂಬುದು ಸತ್ಯ. ಅದನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಆದರೆ ಅವನಿಗೆ ಒಂದು ಮುಖವಿತ್ತು. ಯಾಕಪ್ಪಾ ಎಂದು ಕೇಳಬಹುದಿತ್ತು. ತಪ್ಪಾಯಿತು ಎಂದರೆ ಕ್ಷಮೆಯಿತ್ತು. ಯಂತ್ರದ ಬಳಿ ಕಾರಣವೂ ಇಲ್ಲ, ಕ್ಷಮೆಯೂ ಇಲ್ಲ. ಜನರೂ ಹಾಗೆಯೇ ಆಗುತ್ತಿದ್ದಾರೆ. ನಿನ್ನ ಮಾತಿನಿಂದ ನನಗೆ ನೋವಾಯಿತು ಎಂದು ಎದುರಿಗೆ ಹೇಳುವ ಬದಲು ಗುಂಡಿ ಒತ್ತಿ ಯಂತ್ರಕ್ಕೆ ದೂರು ಕೊಡುತ್ತಾರೆ. ಇಬ್ಬರು ಮಾತನಾಡಿ ತೀರಿಸಿಕೊಳ್ಳಬಹುದಾದ ಮನಸ್ತಾಪ ಹಾಗೆಯೇ ಉಳಿಯುತ್ತದೆ.

2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಮಾಹಿತಿ ತಂತ್ರಜ್ಞಾನ ನಿಯಮಗಳು ಈ ವಿಷಯದಲ್ಲಿ ಒಳ್ಳೆಯ ಮಾತನ್ನೇ ಹೇಳಿವೆ. ದೊಡ್ಡ ಕಂಪನಿಗಳು ಯಂತ್ರದ ಕಾವಲು ಇಟ್ಟರೆ ಅದರ ಮೇಲೆ ಮನುಷ್ಯರ ಮೇಲ್ವಿಚಾರಣೆ ಇರಬೇಕು, ಅದು ಪಕ್ಷಪಾತ ಮಾಡುತ್ತಿದೆಯೇ ಎಂದು ಆಗಾಗ ಪರೀಕ್ಷಿಸಬೇಕು, ತಾವಾಗಿ ಮಾತನ್ನು ತೆಗೆದುಹಾಕಿದರೆ ಕಾರಣ ತಿಳಿಸಿ ಪ್ರಶ್ನಿಸಲು ಅವಕಾಶ ಕೊಡಬೇಕು ಎಂದು ಅಲ್ಲಿದೆ. ಕಂಪನಿಯ ಉತ್ತರ ಸಮಾಧಾನ ತರದಿದ್ದರೆ ಮೇಲ್ಮನವಿ ಕೇಳಲು 2023ರಲ್ಲಿ ಸಮಿತಿಗಳೂ ಆದವು. ಆ ಕಾರಣವನ್ನು ಕನ್ನಡದಲ್ಲಿ ಹೇಳಲಿ, ನಮ್ಮ ಸೀಮೆಯ ಮಾತು ಬಲ್ಲ ಮನುಷ್ಯನೊಬ್ಬ ಕೊನೆಗೆ ನೋಡಲಿ ಎಂದು ಕೇಳುವುದು ನಮ್ಮ ಹಕ್ಕು. ಕಾಗದದ ಮೇಲಿನ ನ್ಯಾಯ ರಾಮಾಪುರದ ಸಂತೆಯವರೆಗೆ ಬಂದಾಗಲೇ ಅದು ನ್ಯಾಯ.

ಊರೂರಿನಲ್ಲಿ ಗುಂಪು ನಡೆಸುವ ತರುಣರಿಗೆ ನಮ್ಮದು ನಾಲ್ಕೇ ಮಾತು. ಯಂತ್ರ ತಡೆದ ಮಾತನ್ನು ದಿನಕ್ಕೊಮ್ಮೆ ನೀವೇ ತೆರೆದು ಓದಿರಿ. ತೆಗೆಯಲೇಬೇಕಾದರೆ ಬರೆದವರಿಗೆ ಫೋನು ಮಾಡಿ ಕಾರಣ ಹೇಳಿರಿ, ಹಿರಿಯರಾದರೆ ಮನೆಗೇ ಹೋಗಿ ಹೇಳಿರಿ. ಹೆಣ್ಣುಮಕ್ಕಳನ್ನು, ದುರ್ಬಲರನ್ನು ಹಳಿಯುವ ಮಾತಿಗೆ ಮುಲಾಜು ತೋರಬೇಡಿರಿ. ಸಾವಿನ ಮಾತು ಆಡಿದವನನ್ನು ಅಳಿಸಬೇಡಿರಿ, ಆ ಗಳಿಗೆಯೇ ಎದ್ದು ಅವನ ಬಳಿಗೆ ಹೋಗಿರಿ.

ಜರಡಿ ಹಿಟ್ಟನ್ನು ಸೋಸುತ್ತದೆ, ರೊಟ್ಟಿ ತಟ್ಟುವುದು ತಾಯಿಯ ಕೈ. ಯಂತ್ರ ತಡೆಯಲಿ, ತೀರ್ಪು ಮನುಷ್ಯ ಕೊಡಲಿ. ರಾಮಾಪುರದ ಆ ರೈತರಿಗೆ ನಾವು, ಮತ್ತೆ ಬರೆಯಿರಿ ಎಂದು ಹೇಳಿ ಬಂದಿದ್ದೇವೆ. ಅವರು ಬರೆಯುವರೋ ಇಲ್ಲವೋ ತಿಳಿಯದು. ಬರೆದ ದಿನ ಅವರ ಮಾತನ್ನು ಕೇಳುವ ನಾಲ್ಕು ಮನುಷ್ಯರು ಆ ಗುಂಪಿನಲ್ಲಿರಲಿ ಎಂಬುದೇ ನಮ್ಮ ಹಾರೈಕೆ.