ಕೆಮ್ಮಿಗೂ ಮುನ್ನ

ಶ್ವಾಸಕೋಶದ ಕ್ಯಾನ್ಸರ್ ಕೆಮ್ಮಿನಿಂದ ಆರಂಭವಾಗುವುದಿಲ್ಲ. ಧೂಮಪಾನಿಯ ಶ್ವಾಸನಾಳದಲ್ಲಿ, ನೋಡಲು ಆರೋಗ್ಯವಾಗಿಯೇ ಇರುವ ಜೀವಕೋಶಗಳಲ್ಲೂ 3ನೇ ವರ್ಣತಂತುವಿನ ಗಿಡ್ಡ ತೋಳಿನ ತುಣುಕುಗಳು ಕಳಚಿಹೋಗಿರುವುದನ್ನು ವಿಜ್ಞಾನಿಗಳು 1990ರ ದಶಕದಲ್ಲೇ ಗುರುತಿಸಿದ್ದಾರೆ. ಬೀಡಿ ಬಿಟ್ಟು ವರ್ಷಗಳು ಕಳೆದರೂ ಈ ಊನ ಉಳಿದಿರಬಲ್ಲುದು. ಹಾಗೆಂದು ಬಿಡುವುದು ವ್ಯರ್ಥವಲ್ಲ. ಬಿಟ್ಟಷ್ಟು ಕಾಲ ಅಪಾಯ ತಗ್ಗುತ್ತಾ ಹೋಗುತ್ತದೆ. ದೀರ್ಘಕಾಲ ವಿಪರೀತ ಸೇದಿದವರಲ್ಲಿ ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್ ತಪಾಸಣೆಯು ಈ ರೋಗದ ಸಾವುಗಳನ್ನು ಶೇ. 20ರಷ್ಟು ಇಳಿಸಿತೆಂದು 2011ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು.

ಇತ್ತ ಅರಕಲಗೂಡಿನ ಹೊಲಗಳಲ್ಲಿ ಹೊಗೆಸೊಪ್ಪು ಬೆಳೆಯುತ್ತದೆ, ರಾಮನಾಥಪುರದಲ್ಲಿ ತಂಬಾಕು ಮಂಡಳಿಯೇ ಹರಾಜು ನಡೆಸುತ್ತದೆ. ಒಂದು ಕೈಯಲ್ಲಿ ಹರಾಜಿನ ಸುತ್ತಿಗೆ, ಇನ್ನೊಂದರಲ್ಲಿ 2003ರ ತಂಬಾಕು ನಿಯಂತ್ರಣ ಕಾಯ್ದೆ! ಪರ್ಯಾಯ ಬೆಳೆಗೆ ಬೆಲೆ ಖಾತ್ರಿಪಡಿಸದೆ ರೈತನನ್ನು ದೂರುವುದು ಅನ್ಯಾಯ. ಆದರೆ ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದ ಜಮಾಅತ್‌ಗಳು ಸರಕಾರಕ್ಕಾಗಿ ಕಾಯಬೇಕಿಲ್ಲ. ಮಸೀದಿಯ ಬಾಡಿಗೆ ಮಳಿಗೆಗಳಲ್ಲಿ ಬೀಡಿ, ಸಿಗರೇಟು ಮಾರುವಂತಿಲ್ಲವೆಂದು ಮುಂದಿನ ಜುಮಾದಂದೇ ಘೋಷಿಸಲಿ.